ರಾಣೆಬೆನ್ನೂರಿನ ಹುಡುಗ, ಬಂಕಿಕೊಡ್ಲದ ಮಾಸ್ತರ: ಒಬ್ಬ ಕವಿಗೆ ಬರವಣಿಗೆಯ ಹುಚ್ಚು ಹತ್ತಿದ್ದು ಹೇಗೆ?

ರಾಣೆಬೆನ್ನೂರು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಹೊಲ ಇದ್ದವರಿಗೆ ಬೀಜದ ಕಂಪನಿಗಳು, ಹತ್ತಿ ಮಾರ್ಕೆಟ್ಟು. ಕ್ಯಾಮೆರಾ ಹಿಡಿದು ಓಡಾಡುವವರಿಗೆ ಕೃಷ್ಣಮೃಗದ ಅಭಯಾರಣ್ಯ. ಬೆಂಗಳೂರು–ಹುಬ್ಬಳ್ಳಿ ಬಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡುವವರಿಗೆ ಅರೆನಿದ್ದೆಯಲ್ಲಿ ಕಣ್ಣು ಬಿಟ್ಟಾಗ ಕಾಣುವ ಒಂದು ಬೋರ್ಡು. ಅಡುಗೆಮನೆಯವರಿಗಂತೂ ನಮ್ಮೂರಿಗಿಂತ ಪಕ್ಕದ ಬ್ಯಾಡಗಿಯೇ ಹೆಚ್ಚು ಹತ್ತಿರ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಆ ಮೆಣಸಿನಕಾಯಿ ಇಲ್ಲದೆ ಎಷ್ಟು ಮನೆಗಳಲ್ಲಿ ಸಾರಿನ ಪುಡಿಯೇ ಆಗೋದಿಲ್ಲ!

ಆದರೆ "ಅದು ಸು.ರಂ. ಎಕ್ಕುಂಡಿ ಹುಟ್ಟಿದ ಊರಲ್ವಾ?" ಅಂತ ಕೇಳಿದವರು ನನಗೆ ಇದುವರೆಗೂ ಇಬ್ಬರೇ ಸಿಕ್ಕಿದ್ದಾರೆ. ಇಬ್ಬರೂ ನಿವೃತ್ತ ಕನ್ನಡ ಮೇಷ್ಟ್ರು.

ಸುಬ್ಬಣ್ಣ ರಂಗನಾಥ ಎಕ್ಕುಂಡಿ ರಾಣೆಬೆನ್ನೂರಿನಲ್ಲಿ ಹುಟ್ಟಿದ್ದು 1923ರ ಜನವರಿಯಲ್ಲಿ. ಆಗ ಹಾವೇರಿ ಜಿಲ್ಲೆ ಅನ್ನೋದೇ ಇರಲಿಲ್ಲ. ಅದು ಆದದ್ದು 1997ರಲ್ಲಿ. ನಮ್ಮೂರು ಧಾರವಾಡ ಜಿಲ್ಲೆಗೆ, ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿತ್ತು. ಕಾಲೇಜು ಓದಿದ್ದು ಮರಾಠಿ ಊರಾದ ಸಾಂಗ್ಲಿಯಲ್ಲಿ. ಪದವಿ ಮುಗಿಸಿ ಸೇರಿದ್ದು ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಬಂಕಿಕೊಡ್ಲ ಎಂಬ ಹಳ್ಳಿಯ ಹೈಸ್ಕೂಲಿಗೆ. ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಮಾಸ್ತರಿಕೆ ಮಾಡಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದರು. ಈ ನಡುವೆ ‘ಸಂತಾನ’, ‘ಹಾವಾಡಿಗರ ಹುಡುಗ’, ‘ಮತ್ಸ್ಯಗಂಧಿ’, ‘ಬೆಳ್ಳಕ್ಕಿಗಳು’ ಹೀಗೆ ಒಂದೊಂದೇ ಸಂಕಲನ ಬಂದವು. ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿಯೂ ಸಿಕ್ಕಿತು. ‘ಬಕುಲದ ಹೂವುಗಳು’ ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ 69 ವರ್ಷ. ಮೂರು ವರ್ಷದ ನಂತರ, 1995ರಲ್ಲಿ ತೀರಿಕೊಂಡರು.

ಇಷ್ಟು ಪರಿಚಯ ಯಾವ ಪುಸ್ತಕದ ಹಿಂಬದಿಯಲ್ಲಾದರೂ ಸಿಗುತ್ತೆ. ನನ್ನ ಕುತೂಹಲ ಬೇರೆ. ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಊರಿನ ಹುಡುಗನಿಗೆ ಬರೆಯುವ ಆಸೆ ಬಂದದ್ದಾದರೂ ಎಲ್ಲಿಂದ? ಬಂದ ಆಸೆ ಐವತ್ತು ವರ್ಷ ಉಳಿದದ್ದು ಹೇಗೆ? ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯ. ಯಾಕಂದ್ರೆ ಹದಿನೆಂಟರ ವಯಸ್ಸಿನಲ್ಲಿ ಕವಿತೆ ಬರೆಯದವರು ಯಾರಿದ್ದಾರೆ ಹೇಳಿ! ನಾನು ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್ಲಿನ ಒಂದೇ ಮಹಡಿಯಲ್ಲಿ ಏಳು ಕವಿಗಳಿದ್ದರು. ಈಗ ಏಳೂ ಜನ ಸಾಫ್ಟ್‌ವೇರಿನಲ್ಲಿದ್ದೇವೆ, ಬರೆಯುವವರು ಒಂದೂವರೆ ಜನ. ಆ ಅರ್ಧ ನಾನು.

"ಕವಿ ಹುಟ್ಟುತ್ತಾನೆ, ಮಾಡೋಕೆ ಆಗಲ್ಲ" ಅಂತ ಒಂದು ಮಾತಿದೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಹುಟ್ಟಿದ ಮೇಲೆ ಕಿವಿಗೆ ಏನು ಬಿತ್ತು ಅನ್ನೋದರ ಮೇಲೆ ಬಹಳಷ್ಟು ನಿಂತಿರುತ್ತೆ ಅಂತ ನನ್ನ ಅನಿಸಿಕೆ. ಈ ಭಾಗದ ನೆಲವನ್ನೇ ನೋಡ್ರಿ. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ ತುಂಗಭದ್ರೆಯ ದಂಡೆಯ ಮೇಲಿದೆ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಲೇ ಖಡಕ್ ವಚನ ಹೇಳಿದ ಅಂಬಿಗರ ಚೌಡಯ್ಯ ಅಲ್ಲಿಯವನು. ಪಕ್ಕದ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರದು. ಹಿರೇಕೆರೂರಿನ ಕಡೆ ಹೋದರೆ ಅಬಲೂರು, ಮಾಸೂರು, ಸರ್ವಜ್ಞನ ಸೀಮೆ. ಶಿಗ್ಗಾವಿ ಕಡೆ ಹೋದರೆ ಶಿಶುನಾಳ, ಷರೀಫಜ್ಜನ ಊರು. ನಕಾಶೆ ಹರಡಿ ನೋಡಿದರೆ ಒಂದು ದಿನದಲ್ಲಿ ಬೈಕಿನಲ್ಲಿ ಸುತ್ತಿ ಬರುವಷ್ಟು ಜಾಗದಲ್ಲಿ ಇವರೆಲ್ಲ ಆಗಿಹೋಗಿದ್ದಾರೆ. ಇವರ ಪದಗಳನ್ನು ಇಲ್ಲಿ ಜನ ಪುಸ್ತಕದಿಂದ ಕಲಿತದ್ದಲ್ಲ. ಭಜನೆಯಲ್ಲಿ, ಜಾತ್ರೆಯಲ್ಲಿ, ದೊಡ್ಡಾಟದಲ್ಲಿ, ಬೀಸುವ ಕಲ್ಲಿನ ಮುಂದೆ, ಕಣದಲ್ಲಿ ಹಂತಿ ಹೊಡೆಯುವಾಗ ಕೇಳಿ ಕಲಿತದ್ದು. ಈಗ ಕಣದಲ್ಲಿ ಮಷೀನು ಬಂದಿದೆ, ಹಂತಿ ಪದ ವೇದಿಕೆ ಹತ್ತಿದೆ. ಎಕ್ಕುಂಡಿಯವರು ಹುಡುಗರಾಗಿದ್ದಾಗ ಹಾಗಿರಲಿಲ್ಲ.

ಇನ್ನೊಬ್ಬರ ಹೆಸರು ಹೇಳಲೇಬೇಕು. ವರದಾ ನದಿ ತುಂಗಭದ್ರೆಗೆ ಸೇರುವ ಜಾಗದಲ್ಲಿ ಗಳಗನಾಥ ಅಂತ ಊರಿದೆ. ಅಲ್ಲಿಯ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರಿನಲ್ಲೇ ‘ಗಳಗನಾಥ’ರಾಗಿ ಕನ್ನಡಕ್ಕೆ ಕಾದಂಬರಿ ಓದುವ ರುಚಿ ಹತ್ತಿಸಿದರು. ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯ. ಅವರು ತೀರಿಕೊಂಡದ್ದು 1942ರಲ್ಲಿ. ಎಕ್ಕುಂಡಿ ಆಗ ಕಾಲೇಜು ಹುಡುಗ. ಪುಸ್ತಕ ಅಂದ್ರೆ ಮನೆ ಬಾಗಿಲಿಗೆ ಬರುವ ವಸ್ತು, ಅದನ್ನ ಬರೆಯುವವನು ನಮ್ಮ ಹಾಗೇ ಧೋತರ ಉಟ್ಟವನು ಅನ್ನೋ ಕಲ್ಪನೆ ಈ ಸೀಮೆಯ ಜನಕ್ಕೆ ಆಗಲೇ ಇತ್ತು. ಇದು ಸಣ್ಣ ವಿಷಯ ಅಲ್ಲ. ಎಷ್ಟೋ ಮಕ್ಕಳಿಗೆ ಬರೆಯುವವರು ಎಲ್ಲೋ ಬೇರೆ ಲೋಕದಲ್ಲಿ ಇರ್ತಾರೆ ಅನ್ನೋ ಭಾವನೆಯೇ ಮೊದಲ ಅಡ್ಡಿ.

ಕಿವಿಯ ವಿಷಯಕ್ಕೆ ಇನ್ನೊಂದು ಮಾತು. ಶಾಲೆಯಲ್ಲಿ ಛಂದಸ್ಸು ಅಂದ್ರೆ ನಮಗೆಲ್ಲ ಹೆದರಿಕೆ. ಲಘು, ಗುರು, ಗೀಟು ಹಾಕೋದು, ಮಾರ್ಕ್ಸ್ ಕಳಕೊಳ್ಳೋದು. ಆದರೆ ನಮ್ಮೂರ ಬಸ್‌ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಛಂದಸ್ಸು ತಾನೇ ಕಿವಿಗೆ ಬೀಳುತ್ತೆ. "ಹಾವೇರಿ ಹುಬ್ಬಳ್ಳಿ, ಹಾವೇರಿ ಹುಬ್ಬಳ್ಳಿ" ಅಂತ ಕಂಡಕ್ಟರ್ ಕೂಗ್ತಾನಲ್ಲ, ಎಣಿಸಿ ನೋಡಿ. ಹಾ ಎರಡು, ವೇ ಎರಡು, ರಿ ಒಂದು, ಒಟ್ಟು ಐದು ಮಾತ್ರೆ. ಹುಬ್ಬಳ್ಳಿಯೂ ಅಷ್ಟೇ, ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗೋದರಿಂದ ಎರಡು, ಎರಡು, ಒಂದು. ಐದರ ನಡಿಗೆ ಸರಿಯಾಗಿ ಬೀಳುತ್ತೆ. ಬ್ಯಾಡಗಿ ನಾಲ್ಕು, ಹರಿಹರ ನಾಲ್ಕು. ರಾಣೆಬೆನ್ನೂರು ಮೂರು ಮತ್ತು ಐದು, ಸ್ವಲ್ಪ ಕುಂಟಿಕೊಂಡು ಹೋಗುತ್ತೆ. ಕಂಡಕ್ಟರಿಗೆ ಮಾತ್ರೆ ಗೊತ್ತಿಲ್ಲ, ಆದರೆ ಅವನ ನಾಲಿಗೆಗೆ ಗೊತ್ತು. ಪದ ಹೇಳುವ ಅಜ್ಜಿಯಂದಿರಿಗೂ ಹಾಗೇ. ಕವಿಯಾಗುವ ಹುಡುಗ ಇದನ್ನ ಮೊದಲು ಕೇಳಿಸಿಕೊಳ್ಳುತ್ತಾನೆ, ಲೆಕ್ಕ ಆಮೇಲೆ ಕಲಿಯುತ್ತಾನೆ. ಎಕ್ಕುಂಡಿಯವರ ಕವಿತೆಗಳನ್ನ ನೀವು ಕಣ್ಣಲ್ಲೇ ಓದಿದರೆ ಅರ್ಧ ಕಳೆದುಕೊಳ್ತೀರಿ. ಅವು ಬಾಯಿಬಿಟ್ಟು ಓದೋಕೆ ಅಂತಲೇ ಇರುವ ಕವಿತೆಗಳು.

ಸರಿ, ಕಿವಿ ಪಳಗಿತು. ಆದರೆ ಅಷ್ಟಕ್ಕೇ ಯಾರೂ ಕವಿ ಆಗೋದಿಲ್ಲ. ಯಾರೋ ಒಬ್ಬರು "ನೀನು ಬರೆದದ್ದು ತೋರಿಸು" ಅನ್ನಬೇಕು.

ಸಾಂಗ್ಲಿಯ ವಿಲಿಂಗ್ಡನ್ ಕಾಲೇಜು 1919ರಲ್ಲಿ ಶುರುವಾದದ್ದು. ಆಗಿನ ಮುಂಬೈ ಪ್ರಾಂತದ ದಕ್ಷಿಣ ಜಿಲ್ಲೆಗಳ ಕನ್ನಡದ ಹುಡುಗರು ಧಾರವಾಡ, ಬೆಳಗಾವಿ ಬಿಟ್ಟರೆ ಹೋಗುತ್ತಿದ್ದದ್ದು ಅಲ್ಲಿಗೇ. ನಮ್ಮೂರಿನಿಂದ ಪುಣೆ ಕಡೆಯ ರೈಲು ಹತ್ತಿ, ಹುಬ್ಬಳ್ಳಿ, ಬೆಳಗಾವಿ ದಾಟಿ, ಮಿರಜದಲ್ಲಿ ಇಳಿದರೆ ಸಾಂಗ್ಲಿ ಪಕ್ಕದಲ್ಲೇ. ಊರಿನ ಮಾತು ಮರಾಠಿ, ಪಾಠ ಇಂಗ್ಲಿಷು. ಕನ್ನಡ ಅಂದ್ರೆ ಹಾಸ್ಟೆಲ್ಲಿನ ನಾಲ್ಕು ಗೆಳೆಯರ ನಡುವೆ ಮಾತ್ರ. ಬೆಂಗಳೂರಿನ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷು, ಹಿಂದಿ ಮಾತಾಡಿ ಸಂಜೆ ರೂಮಿಗೆ ಬಂದು ಊರಿನ ಭಾಷೆಯಲ್ಲಿ ಹರಟುವ ನಮ್ಮಂಥವರಿಗೆ ಆ ಹಸಿವು ಸ್ವಲ್ಪ ಅರ್ಥ ಆಗುತ್ತೆ. ತಾಯ್ನುಡಿ ಸುತ್ತಲೂ ಇಲ್ಲದಾಗ ಅದರ ಮೇಲೆ ಪ್ರೀತಿ ಒಂದು ತೂಕ ಹೆಚ್ಚೇ ಆಗುತ್ತೆ.

ಅಂಥ ಕಾಲೇಜಿನಲ್ಲಿ ಎಕ್ಕುಂಡಿಯವರಿಗೆ ಸಿಕ್ಕ ಗುರುಗಳು ಇಬ್ಬರು: ರಂ.ಶ್ರೀ. ಮುಗಳಿ ಮತ್ತು ವಿ.ಕೃ. ಗೋಕಾಕ. ಮುಗಳಿಯವರು ಮುಂದೆ ‘ಕನ್ನಡ ಸಾಹಿತ್ಯ ಚರಿತ್ರೆ’ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಗೋಕಾಕರ ಬಗ್ಗೆ ಹೇಳೋದೇ ಬೇಡ, 1990ರ ಜ್ಞಾನಪೀಠ ಅವರದು. ಅವರ ಊರು ಸವಣೂರು, ಇವತ್ತಿನ ಲೆಕ್ಕದಲ್ಲಿ ಅದೂ ಹಾವೇರಿ ಜಿಲ್ಲೆಯೇ. ಅಂದ್ರೆ ಮರಾಠಿ ಊರಿನಲ್ಲಿ ಹಾವೇರಿ ಸೀಮೆಯ ಹುಡುಗನಿಗೆ ಹಾವೇರಿ ಸೀಮೆಯ ಮೇಷ್ಟ್ರು!

ಗೋಕಾಕರ ಕಥೆಯನ್ನೂ ಇಲ್ಲಿ ನೆನೆಯಬೇಕು. ಅವರು ಕಾಲೇಜು ದಿನಗಳಲ್ಲಿ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಜಾಣ ಹುಡುಗ. ಧಾರವಾಡದಲ್ಲಿ ಬೇಂದ್ರೆಯವರ ಸಹವಾಸ ಆಯ್ತು, ಗೆಳೆಯರ ಗುಂಪಿನ ಒಡನಾಟ ಆಯ್ತು, ಹುಡುಗ ಕನ್ನಡಕ್ಕೆ ತಿರುಗಿದ. ಬೇಂದ್ರೆಯವರಿಂದ ತಮಗೆ ಸಿಕ್ಕದ್ದನ್ನ ಗೋಕಾಕರು ಸಾಂಗ್ಲಿಯಲ್ಲಿ ತಮ್ಮ ಹುಡುಗರಿಗೆ ದಾಟಿಸಿದರು. ದೀಪದಿಂದ ದೀಪ ಹಚ್ಚೋದು ಅಂತಾರಲ್ಲ, ಅದು ಭಾಷಣದ ಮಾತಾಗಿ ಹಳಸಿಹೋಗಿದೆ. ಆದರೆ ಬೇಂದ್ರೆ, ಗೋಕಾಕ, ಎಕ್ಕುಂಡಿ ಈ ಸಾಲು ನೋಡಿದಾಗ ಬೇರೆ ಮಾತು ಹೊಳೆಯೋದಿಲ್ಲ.

ನಮ್ಮ ಕೆಲಸದಲ್ಲಿ ‘ಕೋಡ್ ರಿವ್ಯೂ’ ಅಂತ ಒಂದು ಪದ್ಧತಿ ಇದೆ. ನಾನು ಬರೆದ ಪ್ರೋಗ್ರಾಮನ್ನ ಇನ್ನೊಬ್ಬರು ಸಾಲು ಸಾಲಾಗಿ ಓದಿ, ಇಲ್ಲಿ ಇದು ಬೇಡ, ಅಲ್ಲಿ ಅದು ಮುರಿಯುತ್ತೆ ಅಂತ ಹೇಳಿದ ಮೇಲೇ ಅದು ಮುಂದೆ ಹೋಗೋದು. ಮೊದಮೊದಲು ಸಿಟ್ಟು ಬರುತ್ತೆ. ಆರು ತಿಂಗಳಾದ ಮೇಲೆ ಆ ಕಣ್ಣು ನಮ್ಮೊಳಗೇ ಬಂದು ಕೂತಿರುತ್ತೆ. ಕವಿತೆಗೂ ಆ ಕಣ್ಣು ಬೇಕು. ಫೇಸ್‌ಬುಕ್ಕಿನಲ್ಲಿ ಹಾಕಿದ ಕೂಡಲೇ ‘ಸೂಪರ್’, ‘ವಾವ್’ ಅಂತ ಬರುವ ಐವತ್ತು ಮೆಚ್ಚುಗೆಗಿಂತ "ಈ ಎರಡನೇ ಸಾಲು ಯಾಕ ಬೇಕು?" ಅನ್ನುವ ಒಬ್ಬ ಮನುಷ್ಯ ಹೆಚ್ಚು ಉಪಕಾರಿ.

ಈಗ ಮನೆಯ ವಿಷಯಕ್ಕೆ ಬರ್ತೀನಿ. ಇದನ್ನೆಲ್ಲ ನಾನು ಹುಡುಕೋಕೆ ಹೊರಟದ್ದೇ ಅದರಿಂದ.

ನಮ್ಮಕ್ಕನ ಮಗಳು ರಾಣೆಬೆನ್ನೂರಿನಲ್ಲೇ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಕೆಮಿಸ್ಟ್ರಿ ನೋಟ್‌ಬುಕ್ಕಿನ ಹಿಂದಿನಿಂದ ಅವಳದು ಕವಿತೆ ಶುರುವಾಗುತ್ತೆ. ಮುಂದಿನಿಂದ ಬೆಂಜೀನು, ಹಿಂದಿನಿಂದ ಮಳೆ. ಎರಡೂ ನಡುವೆ ಎಲ್ಲೋ ಭೇಟಿ ಆಗುವ ಹೊತ್ತಿಗೆ ಅಕ್ಕನ ಕೈಗೆ ನೋಟ್‌ಬುಕ್ಕು ಸಿಕ್ಕಿದೆ. ರಾತ್ರಿ ಹತ್ತಕ್ಕೆ ಫೋನು ಬಂತು.

"ತಮ್ಮಾ, ನೀನರ ಹೇಳು ಇಕಿಗೆ. ಓದೂದು ಬಿಟ್ಟು ಕವನ ಬರಿಯಾಕತ್ತಾಳ. ಕವನ ಬರದ್ರ ಹೊಟ್ಟಿ ತುಂಬತೈತೇನು? ನೀ ಇಂಜಿನಿಯರ್ ಆಗಿ, ನಿನ್ನ ಮಾತಂದ್ರ ಕೇಳ್ತಾಳ."

ಹಿಂದಿನಿಂದ ಹುಡುಗಿಯ ದನಿ: "ಮಾಮಾ, ನಾ ಓದಾಕತ್ತೀನಿ ಅಂತ ಹೇಳ್ರಿ ನಿಮ್ಮಕ್ಕಗ!"

ಅಕ್ಕನ ಮಾತಿನಲ್ಲಿ ತಪ್ಪೇನೂ ಇಲ್ಲ. ಭಾವ ಅಂಗಡಿ ಇಟ್ಟಿದ್ದಾರೆ, ಒಂದು ವರ್ಷದ ಕೋಚಿಂಗ್ ಫೀಸು ಎಷ್ಟು ಅಂತ ಮಕ್ಕಳಿರುವ ಎಲ್ಲರಿಗೂ ಗೊತ್ತು. ಬರವಣಿಗೆಯಿಂದ ಹೊಟ್ಟೆ ತುಂಬೋದಿಲ್ಲ ಅನ್ನೋದೂ ನಿಜ, ಕನ್ನಡದಲ್ಲಿ ಕವಿತೆ ಬರೆದು ಮನೆ ನಡೆಸಿದವರನ್ನ ನಾನಂತೂ ನೋಡಿಲ್ಲ. ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆ. ಹೊಟ್ಟೆಗೆ ಬೇರೆ ಕೆಲಸ ಇಟ್ಟುಕೊಂಡು ಬರೆದವರೇ ಕನ್ನಡದಲ್ಲಿ ಹೆಚ್ಚು.

‘ಮೈಸೂರು ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿದವರು. ಚೆನ್ನವೀರ ಕಣವಿ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ಬೇರೆಯವರ ಪುಸ್ತಕ ಅಚ್ಚು ಹಾಕಿಸುತ್ತ ತಮ್ಮದನ್ನೂ ಬರೆದರು. ಅಕ್ಕನ ಮಗಳಿಗೆ ಹೇಳೋಕೆ ಅನುಕೂಲ ಆಗಲಿ ಅಂತ ಸೈನ್ಸಿನವರನ್ನೇ ಹುಡುಕಿದೆ. ಬಂಕಿಕೊಡ್ಲದ ಪಕ್ಕದಲ್ಲೇ ಹನೇಹಳ್ಳಿ ಅಂತ ಊರಿದೆ. ಅಲ್ಲಿಯ ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರಾಗಿ ಮುಂಬೈಯ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಕಾದಂಬರಿ ಬರೆದರು. ಗೋಕರ್ಣದ ಜಯಂತ ಕಾಯ್ಕಿಣಿ ಬಯೋಕೆಮಿಸ್ಟ್ರಿ ಓದಿ ಮುಂಬೈಯಲ್ಲಿ ಔಷಧ ಕಂಪನಿಯ ಕೆಲಸ ಮಾಡಿದರು. ಅವರ ಮೊದಲ ಕವನ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಇನ್ನೂ 19ರ ಹುಡುಗ. "ಬೆಂಜೀನು ಬಿಡಬ್ಯಾಡ, ಹಿಂದಿನ ಪುಟಾನೂ ಬಿಡಬ್ಯಾಡ" ಅಂತ ಹೇಳೋಕೆ ಇಷ್ಟು ಸಾಕ್ಷಿ ಸಾಕಾಯ್ತು.

ಆದರೂ ನನಗೆ ಹೆಚ್ಚು ಹಿಡಿಸೋದು ಎಕ್ಕುಂಡಿಯವರದೇ. ಯಾಕಂದ್ರೆ ಉಳಿದ ಹಲವರಿಗೆ ಮುಂಬೈ, ಮೈಸೂರು, ಧಾರವಾಡ, ಬೆಂಗಳೂರು ಹೀಗೆ ಒಂದು ಊರಿನ ಬೆಂಬಲವಿತ್ತು. ಸಭೆ, ಪತ್ರಿಕೆ, ಪ್ರಕಾಶಕರು, ಸಂಜೆಯ ಹರಟೆ. ಇವರು ಹೋಗಿ ಕೂತದ್ದು ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲಿನಲ್ಲಿ. ಬೆಳಿಗ್ಗೆ ಗಂಟೆ, ಹಾಜರಿ, ಪಾಠ, ಉತ್ತರಪತ್ರಿಕೆ, ಮತ್ತೆ ಗಂಟೆ. ಹೀಗೆ ಮೂರು ದಶಕ.

ಅಲ್ಲಿ ಅವರ ಬರವಣಿಗೆ ಒಣಗಬಹುದಿತ್ತು. ಒಣಗಲಿಲ್ಲ. ಆ ಊರೇ ಅವರಿಗೆ ಬೇಕಾದ್ದನ್ನೆಲ್ಲ ಕೊಟ್ಟಿತು ಅಂತ ನನಗೆ ಅನಿಸುತ್ತೆ. ನಕ್ಷೆಯಲ್ಲಿ ನೋಡಿದರೆ ಒಂದು ಕಡೆ ಗೋಕರ್ಣ, ಹತ್ತಿರದಲ್ಲೇ ಗಂಗಾವಳಿ ನದಿ ಸಮುದ್ರ ಸೇರುವ ಜಾಗ, ಗದ್ದೆ, ತೆಂಗು, ಮೀನುಗಾರರ ಕೇರಿಗಳು, ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು. ಕಪ್ಪು ಮಣ್ಣಿನ ಎರೆಹೊಲ ನೋಡಿ ಬೆಳೆದವನಿಗೆ ಇದೆಲ್ಲ ಹೊಸದು. ಹುಟ್ಟಿದಾಗಿನಿಂದ ಸಮುದ್ರ ನೋಡಿದವನಿಗೆ ಸಮುದ್ರ ಕಾಣಿಸೋದಿಲ್ಲ, ಬಯಲುಸೀಮೆಯವನಿಗೆ ಕಾಣಿಸುತ್ತೆ. ಅವರ ಗುರುಗಳದೂ ಇದೇ ಕಥೆ. ಸವಣೂರಿನ ಗೋಕಾಕರು ಇಂಗ್ಲೆಂಡಿಗೆ ಹಡಗಿನಲ್ಲಿ ಹೋದ ಅನುಭವದಿಂದ ‘ಸಮುದ್ರ ಗೀತೆಗಳು’ ಬರೆದರು. ಒಣಸೀಮೆಯವರಿಗೆ ನೀರಿನ ಹುಚ್ಚು ಸ್ವಲ್ಪ ಜಾಸ್ತಿಯೇ!

ಭಾಷೆಯೂ ಹೊಸದು. ನಮ್ಮ ಕಡೆ ‘ಹೊಂಟೇನಿ’ ಅಂದ್ರೆ ಅಲ್ಲಿ ಬೇರೆ, ಊಟ ಬೇರೆ, ಬೈಗುಳ ಬೇರೆ, ದೇವರ ಹೆಸರು ಬೇರೆ. ಊರಿನ ಪ್ರತಿ ಮನೆಯ ಹುಡುಗನೋ ಹುಡುಗಿಯೋ ಒಂದಲ್ಲ ಒಂದು ವರ್ಷ ಮಾಸ್ತರ ಮುಂದೆ ಬೆಂಚಿನಲ್ಲಿ ಕೂತೇ ಇರುತ್ತೆ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಅಪ್ಪ ದೋಣಿ ಹತ್ತಿ ಹೋಗಿದ್ದಾನೆ, ಯಾರು ಮಧ್ಯದಲ್ಲೇ ಶಾಲೆ ಬಿಟ್ಟರು, ಇದು ಹಳ್ಳಿ ಮಾಸ್ತರಿಗೆ ಗೊತ್ತಾಗುವಷ್ಟು ಬೇರೆ ಯಾರಿಗೂ ಗೊತ್ತಾಗೋದಿಲ್ಲ. ಸಂಕಲನಗಳ ಹೆಸರನ್ನೇ ನೋಡಿ: ಹಾವಾಡಿಗರ ಹುಡುಗ, ಬೆಳ್ಳಕ್ಕಿ, ಬಕುಲದ ಹೂವು. ಮತ್ಸ್ಯಗಂಧಿ ಅಂದ್ರೆ ಮಹಾಭಾರತದ ಸತ್ಯವತಿ, ಬೆಸ್ತರ ಮನೆಯ ಮಗಳು. ಕಿಟಕಿಯಿಂದ ಹೊರಗೆ ನೋಡಿದರೆ ಕಾಣುವುದಕ್ಕೂ ಪುರಾಣದಲ್ಲಿ ಓದಿದ್ದಕ್ಕೂ ಅವರಲ್ಲಿ ಜಗಳ ಇರಲಿಲ್ಲ. ಮಧ್ವಾಚಾರ್ಯರ ಮೇಲೆ ‘ಶ್ರೀ ಆನಂದತೀರ್ಥರು’ ಅಂತ ಕಾವ್ಯ ಬರೆದವರು ಅವರೇ, ಬಡವರ ಪರ ನಿಲ್ಲುವ ಸಮತಾವಾದವನ್ನ ಮನಸಾರೆ ಒಪ್ಪಿದವರೂ ಅವರೇ. ಇವತ್ತು ಟಿವಿ ಚರ್ಚೆಯಲ್ಲಿ ಈ ಎರಡನ್ನ ಒಂದೇ ಮನುಷ್ಯನೊಳಗೆ ಕೂರಿಸೋಕೆ ಹೋದರೆ ಗದ್ದಲ ಆಗಿಬಿಡುತ್ತೆ.

ಅವರು ಹೆಚ್ಚಾಗಿ ಬರೆದದ್ದು ಕಥನ ಕವನ. ಅಂದ್ರೆ ಕಥೆ ಹೇಳುವ ಪದ್ಯ. ನಿಮಗೆಲ್ಲ ಗೊತ್ತಿರೋ ಉದಾಹರಣೆ ಬೇಕಂದ್ರೆ ‘ಗೋವಿನ ಹಾಡು’. ಹಸು ಮಾತು ಕೊಟ್ಟು ಹೋಗುತ್ತೆ, ವಾಪಸ್ ಬರುತ್ತೋ ಇಲ್ಲವೋ ಅಂತ ಕೇಳುವ ಮಗುವಿನ ಎದೆ ಹೊಡ್ಕೊಳ್ಳುತ್ತೆ. ಕಥನ ಕವನದ ಶಕ್ತಿ ಅದೇ. ಕೇಳೋಕೆ ಸುಲಭ, ಬರೆಯೋಕೆ ಕಷ್ಟ. ಭಾವಗೀತೆಯಲ್ಲಿ ಒಂದು ಕ್ಷಣದ ಮನಸ್ಸನ್ನ ಹಿಡಿದರೆ ಆಯ್ತು. ಕಥನ ಕವನದಲ್ಲಿ ಪಾತ್ರ ಬರಬೇಕು, ಅದು ಓಡಾಡಬೇಕು, ಮಾತಾಡಬೇಕು, ಏನೋ ಆಗಬೇಕು, ಆಗುವಾಗ ಲಯ ತಪ್ಪಬಾರದು. ಎಲ್ಲಿ ಬೇಗ ಓಡಬೇಕು, ಎಲ್ಲಿ ನಿಲ್ಲಬೇಕು ಗೊತ್ತಿರಬೇಕು. ವಿವರ ಹೆಚ್ಚಾದರೆ ಗದ್ಯ ಆಗುತ್ತೆ, ಕಡಿಮೆಯಾದರೆ ಕಥೆ ತಿಳಿಯೋದಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ಆಕಳಿಸುತ್ತ ಕೂತ ನಲವತ್ತು ಮಕ್ಕಳನ್ನ ಎಚ್ಚರ ಇಡೋಕೆ ಮಾಸ್ತರಿಗೆ ಇರುವ ಒಂದೇ ಉಪಾಯ ಕಥೆ. ಆ ಅಭ್ಯಾಸ ಕವಿತೆಗೂ ಬಂದಿರಬೇಕು ಅಂತ ನಾನು ಊಹಿಸ್ತೀನಿ.

ಇಲ್ಲಿ ಒಂದು ಗಟ್ಟಿತನವೂ ಇದೆ. ಅವರು ಬರೆಯುತ್ತಿದ್ದ ಕಾಲದಲ್ಲಿ, ಅಂದ್ರೆ 1950ರ ನಂತರ, ಕನ್ನಡದಲ್ಲಿ ನವ್ಯದ ಗಾಳಿ ಜೋರಾಗಿತ್ತು. 1954ರಲ್ಲಿ ಅಡಿಗರ ‘ಚಂಡೆಮದ್ದಳೆ’ ಬಂದ ಮೇಲಂತೂ ಬರೆಯುವ ಹುಡುಗರೆಲ್ಲ ಆ ಕಡೆಯೇ. ಪ್ರಾಸ ಬಿಡು, ಕಥೆ ಬಿಡು, ಒಳಗಿನ ತಳಮಳ ಬರಿ, ವ್ಯಂಗ್ಯ ಬರಿ. ನವ್ಯ ಎಂಬ ಹೆಸರನ್ನ ಎತ್ತಿ ಹಿಡಿದವರಲ್ಲಿ ಮೊದಲಿಗರು ಎಕ್ಕುಂಡಿಯವರ ಗುರು ಗೋಕಾಕರೇ. ಇಷ್ಟಾದರೂ ಶಿಷ್ಯ ತನ್ನ ಕಥೆ ಹೇಳುವ ದಾರಿ ಬಿಡಲಿಲ್ಲ. ಅಡಿಗರ ಕವಿತೆ ನನಗೂ ಇಷ್ಟ, ನವ್ಯ ಕನ್ನಡಕ್ಕೆ ಬೇಕಿತ್ತು. ಆದರೆ ಎಲ್ಲರೂ ಒಂದೇ ಬಸ್ಸು ಹತ್ತುವಾಗ ನಡೆದು ಹೋಗುವವನಿಗೆ ಧೈರ್ಯ ಬೇಕು. ವಿಮರ್ಶಕರು ತಿರುಗಿ ನೋಡುವ ಹೊತ್ತಿಗೆ ಅವರ ತಲೆಕೂದಲು ನೆರೆತಿತ್ತು. ನಮ್ಮ ಕ್ಷೇತ್ರದಲ್ಲಿ ಎರಡು ವರ್ಷಕ್ಕೊಮ್ಮೆ ಹೊಸ ಫ್ರೇಮ್‌ವರ್ಕ್ ಬರುತ್ತೆ, ಹಳೆಯದನ್ನ ಬರೆಯುವವನನ್ನ ಮ್ಯೂಸಿಯಂ ಪೀಸ್ ಅಂತ ನಗ್ತಾರೆ. ಹಾಗಾಗಿ ಈ ಹಟ ನನಗೆ ವಿಶೇಷ ಅನಿಸಿತೋ ಏನೋ.

1944ರ ಸುಮಾರಿಗೆ ಮಾಸ್ತರಿಕೆ ಹಿಡಿದವರಿಗೆ ದೊಡ್ಡ ಪ್ರಶಸ್ತಿ ಬಂದದ್ದು 1992ರಲ್ಲಿ. ನಡುವೆ ನಲವತ್ತೆಂಟು ವರ್ಷ. ನಾವು ಅಪ್ರೈಸಲ್ ಹನ್ನೆರಡು ತಿಂಗಳಿಗೆ ಬರದಿದ್ದರೆ ಹದಿಮೂರನೇ ತಿಂಗಳು ಬೇರೆ ಕಂಪನಿಗೆ ರೆಸ್ಯೂಮೆ ಕಳಿಸುವ ಜನ. ಯಾರೂ ನೋಡದಿದ್ದಾಗಲೂ ಬರೆಯುತ್ತ ಹೋಗಬೇಕಾದರೆ ಬರೆಯೋದರಲ್ಲೇ ಏನೋ ಸಿಗುತ್ತಿರಬೇಕು. ಬೆಳಿಗ್ಗೆ ಸಿಕ್ಕದ ಪದ ಸಂಜೆ ತಾನಾಗಿ ಬಂದು ಕೂತಾಗ ಆಗುವ ಖುಷಿ. ಇದನ್ನ ಅರ್ಧ ಕವಿಯಾದ ನಾನೂ ಬಲ್ಲೆ. ರಾತ್ರಿ ಪಾಳಿಯ ಆನ್‌ಕಾಲ್‌ನಲ್ಲಿ ಸರ್ವರ್ ಸುಮ್ಮನಿದ್ದಾಗ ಮೊಬೈಲಿನ ನೋಟ್ಸ್‌ನಲ್ಲಿ ಒಂದು ಸಾಲು ತಿದ್ದುತ್ತ ಎರಡು ತಾಸು ಕಳೆದದ್ದಿದೆ. ಸಾಲು ಕೊನೆಗೂ ಸರಿ ಆಗಲಿಲ್ಲ, ಎರಡು ತಾಸು ಮಾತ್ರ ಚೆನ್ನಾಗಿ ಹೋಯ್ತು.

‘ಬಕುಲದ ಹೂವುಗಳು’ ನನಗೆ ಸಿಕ್ಕದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ. ಬಕುಲ ಅಂದ್ರೆ ಕರಾವಳಿಯ ಕೆಲವು ಕಡೆ ರಂಜೆ ಅಂತಾರೆ. ಸಣ್ಣ ಬಿಳಿ ನಕ್ಷತ್ರದಂಥ ಹೂವು, ಮರದಿಂದ ತಾನೇ ಉದುರುತ್ತೆ, ಬೆಳಿಗ್ಗೆ ಮಕ್ಕಳು ಹೆಕ್ಕಿ ದಾರಕ್ಕೆ ಪೋಣಿಸ್ತಾರೆ. ಒಣಗಿದ ಮೇಲೂ ವಾಸನೆ ಹೋಗೋದಿಲ್ಲ, ಸೀರೆಗಳ ನಡುವೆ ಇಡುವವರಿದ್ದಾರೆ. ನಮ್ಮ ಮಾರ್ಕೆಟ್ಟಿನಲ್ಲಿ ಮಲ್ಲಿಗೆ, ಸೇವಂತಿಗೆ ನೋಡಿ ಬೆಳೆದ ನನಗೆ ಈ ಹೂವು ಗೊತ್ತಿರಲಿಲ್ಲ. ಕರಾವಳಿಯ ಸಹೋದ್ಯೋಗಿಯೊಬ್ಬರು ಊರಿನಿಂದ ಬರುವಾಗ ಒಂದು ಒಣ ಸರ ತಂದುಕೊಟ್ಟರು. ಅದನ್ನೇ ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡೆ.

ಹೋದ ತಿಂಗಳು ಊರಿಗೆ ಹೋದಾಗ ಆ ಪುಸ್ತಕ ಅಕ್ಕನ ಮಗಳಿಗೆ ಕೊಟ್ಟೆ. ಭಾಷಣ ಏನೂ ಮಾಡಲಿಲ್ಲ. "ಇವರು ನಮ್ಮೂರಾಗ ಹುಟ್ಟಿದವ್ರು. ಕಣ್ಣಾಗ ಓದಬ್ಯಾಡ, ಬಾಯಿಂದ ಓದು" ಅಂದೆ ಅಷ್ಟೇ. ಅಕ್ಕನ ಜೊತೆ ಒಂದು ಒಪ್ಪಂದವೂ ಆಯ್ತು: ಕೆಮಿಸ್ಟ್ರಿ ನೋಟ್‌ಬುಕ್ಕು ಕೆಮಿಸ್ಟ್ರಿಗೇ ಇರಲಿ, ಕವಿತೆಗೆ ಬೇರೆ ನೋಟ್‌ಬುಕ್ಕು, ಅದನ್ನ ಅಕ್ಕ ತೆಗೆದು ನೋಡಬಾರದು. ಭಾವನೇ ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಂದಿಟ್ಟರು. ಹುಡುಗಿಗೆ ಅವರ ಕಾಲೇಜಿನ ಕನ್ನಡ ಮೇಡಂಗೆ ಒಂದಾದರೂ ಕವಿತೆ ತೋರಿಸು ಅಂತ ಹೇಳಿದ್ದೇನೆ, ಇನ್ನೂ ನಾಚಿಕೆ ಬಿಟ್ಟಿಲ್ಲ.

ಸಂಜೆ ಪಡಸಾಲೆಯಲ್ಲಿ ಕೂತು ಅವಳು ಒಂದು ಕಥನ ಕವನ ದನಿ ಎತ್ತಿ ಓದತೊಡಗಿದಳು. ಮೊದಲ ಪುಟ ತಡವರಿಸಿದಳು, ಎರಡನೇ ಪುಟಕ್ಕೆ ಲಯ ಸಿಕ್ಕಿತು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕಥೆ ನಡುವೆ ಹೋಗುವಾಗ ಯಾರೋ ಬಾಗಿಲು ಬಡಿದರು ಅಂತ ಹುಡುಗಿ ಪುಸ್ತಕ ಮಡಚಿ ಎದ್ದಳು. ಒಳಗೆ ರೊಟ್ಟಿ ಬಡಿಯೋ ಸಪ್ಪಳ ನಿಂತಿತು.

"ಯಾಕ ನಿಲ್ಲಿಸಿದಿ? ಮುಂದ ಏನಾತದು?" ಅಂತ ಅಕ್ಕ ಕೇಳಿದಳು.